ಹೊಲದ ಮೇರೆಯೂ ಉತಾರದ ಬರಹವೂ

ಒಕ್ಕಲುತನದ ನಷ್ಟಗಳನ್ನು ಎಣಿಸುವಾಗ ನಾವು ಮಳೆಯ ಅಭಾವ, ಬೀಜದ ದೋಷ, ಕೀಟಬಾಧೆ ಇವನ್ನೇ ಹೇಳುತ್ತೇವೆ. ಆದರೆ ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಈ ಕಡೆಗಳಲ್ಲಿ ಸಂಚರಿಸುವಾಗ, ಯಾವ ಕೀಟವೂ ಮುಟ್ಟದ ಬೆಳೆಯನ್ನು ವ್ಯಾಜ್ಯವು ತಿಂದುಹಾಕಿದ್ದನ್ನು ನಾನು ಅನೇಕ ಸಲ ಕಂಡಿದ್ದೇನೆ. ಈ ವ್ಯಾಜ್ಯಗಳ ಮೂಲವು ಬಹುತರವಾಗಿ ಒಂದೇ: ಹೊಲವು ಒಂದು ರೀತಿ, ಕಾಗದವು ಮತ್ತೊಂದು ರೀತಿ. ಇವೆರಡನ್ನೂ ಕೂಡಿಸುವ ಬಗೆಯನ್ನು ಗ್ರಾಮದ ಹಿರಿಯರಿಗೂ ಭೂಮಾಲೀಕರಿಗೂ ನಿವೇದಿಸುವದೇ ಈ ಲೇಖನದ ಉದ್ದೇಶವು.

ಮೊದಲು ಮೇರೆಯ ಮಾತು. ಎರೆಭೂಮಿಯು ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆಗಾಲದಲ್ಲಿ ಉಬ್ಬುತ್ತದೆ. ಬಾಂದುಕಲ್ಲುಗಳು ವಾಲುತ್ತವೆ, ಹೂತುಹೋಗುತ್ತವೆ. ಮುಂಡರಗಿ ಭಾಗದ ಒಂದು ಹಳ್ಳಿಯಲ್ಲಿ ಒಂದು ದೊಡ್ಡ ಮಳೆಗೆ ಒಡ್ಡು ಒಡೆಯಿತು. ಮೇಲಿನ ಹೊಲದವನು ಅದನ್ನು ತಿರುಗಿ ಹಾಕುವಾಗ 3 ಅಡಿ ಕೆಳಗೆ ಸರಿಸಿದನೆಂದು ಕೆಳಗಿನವನ ತಕರಾರು. ಮೇರೆಯ ಉದ್ದ 660 ಅಡಿ. ಲೆಕ್ಕ ಹಾಕಿದರೆ 1,980 ಚದರಡಿ. ಗುಂಟೆಗೆ 1,089 ಚದರಡಿಯಂತೆ ಸುಮಾರು 1 ಗುಂಟೆ 13 ಆಣೆ ಜಮೀನು. ಇಷ್ಟಕ್ಕಾಗಿ ಇಬ್ಬರೂ ಕೋರ್ಟಿಗೆ ಹೋದರು, ಇಬ್ಬರೂ ಎತ್ತು ಮಾರಿದರು. ವ್ಯಾಜ್ಯವು ತೀರುವ ವರೆಗೆ ಒಡ್ಡನ್ನು ಯಾರೂ ಮುಟ್ಟದ್ದರಿಂದ, ಪ್ರತಿವರ್ಷದ ನೀರು ಇಬ್ಬರ ಹೊಲದ ಮೇಲ್ಮಣ್ಣನ್ನೂ ಹಳ್ಳಕ್ಕೆ ಒಯ್ದಿತು. ಒಡ್ಡು ಒಡೆದ ವರ್ಷವೇ ಭೂಮಾಪನ ಖಾತೆಗೆ ಹದ್ದುಬಸ್ತಿನ ಅರ್ಜಿ ಕೊಟ್ಟು, ಅಳತೆಯಾದ ಬಳಿಕ ಒಡ್ಡು ಹಾಕಿದ್ದರೆ ಈ ಕೇಡು ಒದಗುತ್ತಿರಲಿಲ್ಲ.

ಎರಡನೆಯದು ವಾಟಣಿ. ಅಣ್ಣತಮ್ಮಂದಿರು ಊರ ಹಿರಿಯರ ಎದುರಿಗೆ ಹೊಲ ಹಂಚಿಕೊಳ್ಳುತ್ತಾರೆ. ಉತಾರದಲ್ಲಿ ಮಾತ್ರ ತಂದೆಯ ಇಲ್ಲವೆ ಅಜ್ಜನ ಹೆಸರೇ ಇರುತ್ತದೆ. 1964ರ ಭೂಕಂದಾಯ ಕಾಯಿದೆಯಂತೆ ಹಕ್ಕು ಪ್ರಾಪ್ತವಾದ 3 ತಿಂಗಳೊಳಗೆ ವರದಿ ಕೊಡತಕ್ಕದ್ದು. ಉತಾರದ ಬರಹವು ಸುಳ್ಳೆಂದು ಸಿದ್ಧವಾಗುವ ವರೆಗೆ ನಿಜವೆಂದೇ ಗ್ರಹಿಸಲ್ಪಡುತ್ತದೆ. ವರದಿಯೊಡನೆ ಪೋಡಿಯನ್ನೂ ಮಾಡಿಸಿ ಹಿಸ್ಸಾ ನಕಾಶೆ ಪಡೆಯಬೇಕು. ಹೆಣ್ಣುಮಕ್ಕಳನ್ನು ಮರೆತು ಮಾಡಿದ ವಾಟಣಿಯು ನಿಲ್ಲುವದು ಕಷ್ಟ. 2005ರ ತಿದ್ದುಪಡಿಯಂತೆ ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಹಕ್ಕುಂಟು.

ಮೂರನೆಯದು ಬಾಯಿಮಾತಿನ ಲಾವಣಿ. 1974ರ ಮಾರ್ಚ್ 1ರಂದು ಗೇಣಿಯ ಜಮೀನುಗಳು ಸರ್ಕಾರಕ್ಕೆ ಸೇರಿದವು; ಉಳುವವರು ನಮೂನೆ 7ರಲ್ಲಿ ಅರ್ಜಿ ಕೊಟ್ಟು ಭೂನ್ಯಾಯಮಂಡಳಿಯಿಂದ ಒಡೆತನ ಪಡೆದರು. ಸೈನಿಕರು, ನಾವಿಕರು ಮುಂತಾದವರ ಕೆಲವೇ ವಿನಾಯಿತಿಗಳನ್ನು ಬಿಟ್ಟರೆ ಹೊಸ ಲಾವಣಿಯು ನಿಷಿದ್ಧವಾಗಿದೆ. ಆದರೂ ಪಟ್ಟಣದಲ್ಲಿರುವ ಮಾಲೀಕರು ಬಾಯಿಮಾತಿನಲ್ಲಿ ಹೊಲ ಕೊಡುವದು ನಿಂತಿಲ್ಲ. ಹಕ್ಕು ಬೆಳೆದೀತೆಂಬ ಅಂಜಿಕೆಯಿಂದ ಅವರು ವರ್ಷಕ್ಕೊಬ್ಬನನ್ನು ಬದಲಿಸುತ್ತಾರೆ. ಮರುವರ್ಷ ತನ್ನದಲ್ಲದ ಹೊಲಕ್ಕೆ ಯಾರು ತಿಪ್ಪೆಗೊಬ್ಬರ ಹಾಕಿಯಾರು? ಯಾರು ಒಡ್ಡು ತಿದ್ದಿಯಾರು? ಬರ ಬಿದ್ದರೆ ಪರಿಹಾರದ ಹಣವು ಉತಾರದಲ್ಲಿದ್ದವನ ಖಾತೆಗೆ ಬರುತ್ತದೆ, ನಷ್ಟವು ಬಿತ್ತಿದವನ ಮನೆಗೆ ಹೋಗುತ್ತದೆ. ಜಗಳವು ಅಲ್ಲಿಂದಲೇ ಹುಟ್ಟುತ್ತದೆ. ಆದಕಾರಣ ಮಾಲೀಕನು ಸ್ವಂತ ಖರ್ಚಿನಲ್ಲಿ, ಕೂಲಿ ಕೊಟ್ಟು, ಸ್ವಂತ ಮೇಲ್ವಿಚಾರಣೆಯಲ್ಲಿ ಸಾಗುವಳಿ ಮಾಡಿಸುವದೇ ಶ್ರೇಯಸ್ಕರವು. ಪ್ರತಿ ಹಂಗಾಮಿನ ಬೆಳೆ ಸಮೀಕ್ಷೆಯಲ್ಲಿ ತನ್ನ ಹೊಲದ ದಾಖಲೆ ಸರಿಯಿದೆಯೇ ಎಂಬದನ್ನು ನೋಡಿಕೊಳ್ಳಬೇಕು. ಹೊಲವನ್ನು ತಿರುಗಿ ನೋಡದವನು ಇದನ್ನೂ ನೆನಪಿಡಲಿ: ಪರರು 12 ವರ್ಷ ಪ್ರತಿಕೂಲವಾಗಿ ಸ್ವಾಧೀನದಲ್ಲಿದ್ದರೆ ಮಾಲೀಕನ ದಾವೆಯೇ ಅವಧಿ ಮೀರಬಹುದು.

ನಾಲ್ಕನೆಯದು ಖರೀದಿ. 2020ರ ತಿದ್ದುಪಡಿಯ ತರುವಾಯ ಒಕ್ಕಲಿಗರಲ್ಲದವರೂ ಹೊಲ ಕೊಳ್ಳಬಹುದಾದ್ದರಿಂದ ಹೊರಗಿನ ಹಣವು ಬರುತ್ತಿದೆ. ಕೊಳ್ಳುವವರು ಇಲ್ಲಿಯ ಪೂರ್ವಸ್ಥಿತಿಯನ್ನು ಅರಿತಿರಬೇಕು. 1948ರಲ್ಲಿ ಸಂಸ್ಥಾನಗಳು ವಿಲೀನವಾಗುವ ವರೆಗೆ ಶಿರಹಟ್ಟಿಯು ಸಾಂಗಲಿಗೂ ಲಕ್ಷ್ಮೇಶ್ವರವು ಮಿರಜಕ್ಕೂ ಸೇರಿದ್ದವು. ಗದಗ ಮುಂಡರಗಿಗಳು ಮುಂಬಯಿ ಆಡಳಿತದ ಧಾರವಾಡ ಜಿಲ್ಲೆಯಲ್ಲಿದ್ದವು. ಆದ್ದರಿಂದ ಹಳೆಯ ಇನಾಮು, ವತನುಗಳ ಮೂಲವನ್ನು ಶೋಧಿಸದೆ ಹಣ ಕೊಡಬಾರದು. ಕಾಗದವು ಮೋಡಿ ಲಿಪಿಯಲ್ಲಿದ್ದರೆ ಬಲ್ಲವರಿಂದ ಓದಿಸಬೇಕು. ಪರಿಶಿಷ್ಟ ಜಾತಿ ಪಂಗಡದವರಿಗೆ ಮಂಜೂರಾದ ಜಮೀನನ್ನು ಸರ್ಕಾರದ ಪೂರ್ವಾನುಮತಿಯಿಲ್ಲದೆ ಕೊಂಡರೆ 1978ರ ಕಾಯಿದೆಯಂತೆ ಕ್ರಯವೇ ಶೂನ್ಯವು. ಗದಗ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲಿಯೇ ಪತ್ತಿನ ಸಹಕಾರ ಸಂಘವು ಹುಟ್ಟಿದ ನಾಡಿದು. ಸಂಘ ಬ್ಯಾಂಕುಗಳ ಬೋಜಾ ಇರದ ಉತಾರಗಳು ವಿರಳ. ಹನ್ನೊಂದನೆಯ ಕಲಮನ್ನು ಓದದೆ ಸಂಚಕಾರ ಕೊಡತಕ್ಕದ್ದಲ್ಲ.

ವಂಶಪಾರಂಪರ್ಯದ ಗೌಡಕಿ ಕುಲಕರ್ಣಿಕೆಗಳು 1963ರಲ್ಲಿ ರದ್ದಾದವು. ಆದರೂ ಊರ ಹಿರಿಯರ ಮಾತಿಗೆ ಬೆಲೆಯು ಉಳಿದಿದೆ. ಯುಗಾದಿಯ ತರುವಾಯ, ಮುಂಗಾರಿಗೆ ಮುಂಚೆ, ಹೊಲಗಳು ಬರಿದಾಗಿರುವಾಗ ನೆರೆಹೊಲದವರೆಲ್ಲರನ್ನೂ ಕರೆದುಕೊಂಡು ಮೇರೆಗಳ ಮೇಲೆ ಒಮ್ಮೆ ನಡೆಯಿರಿ. ಬಾಂದುಕಲ್ಲು ಕಾಣದಿದ್ದಲ್ಲಿ ಅಂದೇ ಅರ್ಜಿ ಬರೆಯಿಸಿರಿ. ತೀರಿಹೋದವರ ಹೆಸರಿರುವ ಉತಾರಗಳನ್ನು ಗ್ರಾಮ ಆಡಳಿತ ಅಧಿಕಾರಿಗಳ ಲಕ್ಷ್ಯಕ್ಕೆ ತನ್ನಿರಿ. ಒಂದು ದಿವಸದ ಈ ಶ್ರಮವು ಎರಡು ಮನೆತನಗಳ ಎತ್ತುಗಳನ್ನು ಉಳಿಸುವದು.