ಎಲ್ಲೋ ದೂರದಲ್ಲಿ ನಾಯಿ ಬೊಗಳುತ್ತದೆ

ರಾತ್ರಿ ಊಟವಾಗಿ, ಮನೆಯವರೆಲ್ಲ ಮಲಗಿದ ಮೇಲೆ ಈ ಆಲ್ಬಂ ಹಾಕಿ. ಹೆಡ್‌ಫೋನ್ ಬೇಡ. ಎರಡು ಸ್ಪೀಕರುಗಳಿದ್ದರೆ ಅವುಗಳ ಎದುರು, ಸರಿಯಾಗಿ ನಡುವೆ ಕೂತುಕೊಳ್ಳಿ. ಮೊದಲು ಹಾಡು ಬರುವುದಿಲ್ಲ, ರಾತ್ರಿಯ ಸದ್ದು ಬರುತ್ತದೆ. ಆಮೇಲೆ ಎಲ್ಲೋ ದೂರದಲ್ಲಿ ಒಂದು ನಾಯಿ ಬೊಗಳುತ್ತದೆ. ಮೊದಲ ಸಲ ಕೇಳಿದಾಗ ನಾನು ಎದ್ದುಹೋಗಿ ಕಿಟಕಿ ತೆಗೆದು ಬೀದಿ ನೋಡಿದ್ದೆ. ಬೀದಿಯಲ್ಲಿ ನಾಯಿ ಇರಲಿಲ್ಲ.

ರೋಜರ್ ವಾಟರ್ಸ್ 1992ರಲ್ಲಿ ಹೊರತಂದ ‘ಅಮ್ಯೂಸ್ಡ್ ಟು ಡೆತ್’ ಶುರುವಾಗುವುದೇ ಹೀಗೆ. ಕ್ಯೂಸೌಂಡ್ ಎಂಬ ತಂತ್ರದಿಂದ ಸದ್ದನ್ನು ಸ್ಪೀಕರಿನ ಆಚೆ, ಕೆಲವೊಮ್ಮೆ ನಿಮ್ಮ ಬೆನ್ನ ಹಿಂದೆ ಇಟ್ಟಂತೆ ಕೇಳಿಸುತ್ತಾರೆ. ಕಿವಿ ಎಷ್ಟು ಸುಲಭವಾಗಿ ಮೋಸಹೋಗುತ್ತದೆ ಎಂಬುದು ಮೊದಲ ನಿಮಿಷದಲ್ಲೇ ನಮಗೆ ಗೊತ್ತಾಗುತ್ತದೆ. ಮುಂದಿನ ಎಪ್ಪತ್ತು ನಿಮಿಷ ಕೇಳುವಾಗ ಇದನ್ನು ಮರೆಯಬೇಡಿ.

ಈ ಆಲ್ಬಂ ಪ್ರೊಗ್ರೆಸಿವ್ ರಾಕ್ ಎಂಬ ಪ್ರಕಾರದ್ದು, ಆ ಹೆಸರಿಗೆ ಅಂಜಬೇಕಾಗಿಲ್ಲ. 1960ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ಕೆಲವು ತಂಡಗಳಿಗೆ ಮೂರು ನಿಮಿಷದ ಪ್ರೇಮಗೀತೆ ಸಾಲದಾಯಿತು. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದಿಂದಲೂ ಜಾಝ್‌ನಿಂದಲೂ ಬೇಕಾದ್ದನ್ನು ತೆಗೆದುಕೊಂಡು, ಇಡೀ ಗ್ರಾಮಫೋನ್ ತಟ್ಟೆಯನ್ನೇ ಒಂದು ಕಥೆಯಾಗಿ ಕಟ್ಟತೊಡಗಿದರು. ಹರಿಕಥೆ ಕೇಳಿ ಬೆಳೆದವರಿಗೆ ಈ ಕ್ರಮ ಹೊಸತೇನಲ್ಲ. ದಾಸರು ಹಾಡುತ್ತಾರೆ, ನಿಲ್ಲಿಸಿ ಮಾತಾಡುತ್ತಾರೆ, ಉಪಕಥೆಗೆ ಹೊರಳಿ ಮತ್ತೆ ಮೂಲ ಕಥೆಗೆ ಬರುತ್ತಾರೆ. ನಡುವಿನ ಒಂದು ಹಾಡನ್ನಷ್ಟೇ ಕಿತ್ತು ಕೇಳಿದರೆ ಕಥೆ ಸಿಗುವುದಿಲ್ಲ. ಆದ್ದರಿಂದ ಈ ಹದಿನಾಲ್ಕು ಹಾಡುಗಳನ್ನು ಇದ್ದ ಅನುಕ್ರಮದಲ್ಲೇ ಕೇಳಿ.

ವಾಟರ್ಸ್ ಪಿಂಕ್ ಫ್ಲಾಯ್ಡ್ ತಂಡದ ಸ್ಥಾಪಕರಲ್ಲಿ ಒಬ್ಬರು, 1985ರಲ್ಲಿ ಅದರಿಂದ ಹೊರಬಂದವರು. ಅವರು ಐದು ತಿಂಗಳ ಕೂಸಾಗಿದ್ದಾಗ, 1944ರಲ್ಲಿ, ತಂದೆ ಇಟಲಿಯ ಆಂಜಿಯೊ ಯುದ್ಧರಂಗದಲ್ಲಿ ಸತ್ತರು. ಯುದ್ಧ ಅವರ ಹಾಡುಗಳನ್ನು ಬಿಟ್ಟು ಹೋಗಲೇ ಇಲ್ಲ. ನಮ್ಮ ಬೆಂಗಳೂರಿನ ಅರಮನೆ ಮೈದಾನದಲ್ಲೂ ಅವರು 2002ರಲ್ಲಿ ಹಾಡಿ ಹೋಗಿದ್ದಾರೆ.

ಆಲ್ಬಂನ ಹೆಸರು ಬಂದದ್ದು ಅಮೆರಿಕದ ನೀಲ್ ಪೋಸ್ಟ್‌ಮನ್ ಎಂಬ ಮೇಷ್ಟರ ಪುಸ್ತಕದಿಂದ. 1985ರಲ್ಲಿ ಪ್ರಕಟವಾದ ‘ಅಮ್ಯೂಸಿಂಗ್ ಅವರ್‌ಸೆಲ್ವ್ಸ್ ಟು ಡೆತ್’ ಹೇಳುವುದು ಇಷ್ಟು: ಸತ್ಯವನ್ನು ಬಚ್ಚಿಡುವ ಸರ್ಕಾರಕ್ಕಷ್ಟೇ ಹೆದರಿದರೆ ಸಾಲದು, ಸತ್ಯ ಎದುರಿಗೇ ಇದ್ದರೂ ಯಾರಿಗೂ ಬೇಡವಾಗುವ ಸ್ಥಿತಿಗೆ ಹೆದರಬೇಕು. ಟಿವಿಯಲ್ಲಿ ಯುದ್ಧ, ಪ್ರಾರ್ಥನೆ, ಸೋಪಿನ ಜಾಹೀರಾತು ಒಂದರ ಬೆನ್ನಿಗೆ ಒಂದು ಬರುತ್ತವೆ. ಎಲ್ಲಕ್ಕೂ ಒಂದೇ ತೂಕ. ಹಾಗಾದಾಗ ಯಾರೂ ಸುಳ್ಳು ಹೇಳಬೇಕಾದ್ದೇ ಇಲ್ಲ. ಆಲ್ಬಂನ ಮೂಲ ರಕ್ಷಾಪುಟದಲ್ಲಿ ಒಂದು ವಾನರ ಟಿವಿಯ ಮುಂದೆ ಕೂತಿದೆ, ಪರದೆಯೊಳಗಿಂದ ದೊಡ್ಡದೊಂದು ಕಣ್ಣು ಅದನ್ನೇ ದಿಟ್ಟಿಸುತ್ತಿದೆ.

ಪೋಸ್ಟ್‌ಮನ್ ಹೇಳಿದ್ದನ್ನು ಸಂಗೀತದಲ್ಲಿ ತೋರಿಸುವುದು ಹೇಗೆ? ‘ಪರ್ಫೆಕ್ಟ್ ಸೆನ್ಸ್’ ಹಾಡಿನ ಎರಡನೆಯ ಭಾಗದಲ್ಲಿ ನಿಲ್ಲಿ, ಅದಕ್ಕೆ ಸಮಯ ಕೊಡಿ. ಒಂದು ಸಬ್‌ಮೆರಿನ್ ಸಮುದ್ರದ ನಡುವಿನ ತೈಲಬಾವಿಯ ಕಟ್ಟೆಯ ಮೇಲೆ ದಾಳಿ ಮಾಡುತ್ತಿದೆ. ಅದನ್ನು ವರದಿ ಮಾಡುವವರು ಮಾರ್ವ್ ಆಲ್ಬರ್ಟ್, ಅಮೆರಿಕದ ನಿಜವಾದ ಬಾಸ್ಕೆಟ್‌ಬಾಲ್ ವೀಕ್ಷಕ ವಿವರಣೆಗಾರ. ಆಟದ ಮೈದಾನದ ದನಿಯಲ್ಲೇ, ಅದೇ ಏರುಗತಿಯಲ್ಲೇ ಹೇಳುತ್ತಾರೆ. ಹಿಂದೆ ಜನಸಾಗರದ ಕೂಗು. ರೇಡಿಯೊದಲ್ಲಿ ಕ್ರಿಕೆಟ್ ಕಾಮೆಂಟರಿ ಕೇಳಿದ ಯಾರಿಗಾದರೂ ಈ ಏರು ಪರಿಚಿತ: ಚೆಂಡು ಮೇಲಕ್ಕೆ ಹೋದಾಗ ನಮ್ಮ ಉಸಿರೂ ಮೇಲಕ್ಕೆ ಹೋಗುತ್ತದೆ. ಇಲ್ಲಿ ಮೇಲಕ್ಕೆ ಹೋಗುವುದು ಬೆಂಕಿ, ಕಟ್ಟೆಯ ಮೇಲೆ ಮನುಷ್ಯರಿದ್ದಾರೆ. ಆದರೂ ಉಸಿರು ಮೇಲಕ್ಕೆ ಹೋಗಿಯೇ ಹೋಗುತ್ತದೆ. ಆಲ್ಬರ್ಟ್ ಒಂದೇ ಒಂದು ಸುಳ್ಳು ಹೇಳುವುದಿಲ್ಲ, ಮೋಸವೆಲ್ಲ ದನಿಯ ಏರಿನಲ್ಲಿದೆ. ಈ ಆಲ್ಬಂ ನನಗೆ ಕಲಿಸಿದ್ದರಲ್ಲಿ ಇದೇ ದೊಡ್ಡದು.

‘ಲೇಟ್ ಹೋಮ್ ಟುನೈಟ್’ ಹಾಡಿನ ಹಿಂದೆ 1986ರಲ್ಲಿ ಅಮೆರಿಕದ ವಿಮಾನಗಳು ಲಿಬಿಯಾದ ಮೇಲೆ ಬಾಂಬು ಹಾಕಿದ ಘಟನೆಯಿದೆ. ‘ವಾಚಿಂಗ್ ಟಿವಿ’ಯಲ್ಲಿ ವಾಟರ್ಸ್ ಜೊತೆ ಡಾನ್ ಹೆನ್ಲಿ ಹಾಡುತ್ತಾರೆ. 1989ರಲ್ಲಿ ಬೀಜಿಂಗಿನ ತಿಯಾನನ್‌ಮೆನ್ ಚೌಕದಲ್ಲಿ ಸತ್ತ ಒಬ್ಬ ವಿದ್ಯಾರ್ಥಿನಿಗಾಗಿ ಅಳುವ ಹಾಡು ಅದು. ಬಹುತೇಕ ಬರಿಯ ಗಿಟಾರ್ ಹಿಡಿದು ಹಾಡಿದಂತಿದೆ. ಚರಿತ್ರೆಯಲ್ಲಿ ಅನ್ಯಾಯವಾಗಿ ಸತ್ತವರು ಅಸಂಖ್ಯ, ಈಕೆಯೊಬ್ಬಳು ನಮ್ಮ ಕಣ್ಣೀರಿಗೆ ಸಿಕ್ಕಿದ್ದು ಕ್ಯಾಮೆರಾ ಅಲ್ಲಿದ್ದುದರಿಂದಲೇ ಎಂಬ ಪ್ರಶ್ನೆಯನ್ನು ಹಾಡು ಮುಂದಿಡುತ್ತದೆ. ದುಃಖ ನಿಜವೇ, ಆದರೆ ಅದನ್ನು ನಮಗಾಗಿ ಆರಿಸಿಕೊಟ್ಟವರು ಬೇರೆ.

ಎಲ್ಲವೂ ಸಮನಾಗಿ ಚೆನ್ನಾಗಿದೆ ಎನ್ನಲಾರೆ. ಮೂರು ಭಾಗಗಳ ‘ವಾಟ್ ಗಾಡ್ ವಾಂಟ್ಸ್’ ಹಾಡಿನಲ್ಲಿ ವಾಟರ್ಸ್ ಹೇಳಿದ್ದನ್ನೇ ಹೇಳಿ ಬೆರಳು ತೋರಿಸುತ್ತಾರೆ. ಅಲ್ಲಿ ಮಾತು ಭಾರವಾದಾಗ ಜೆಫ್ ಬೆಕ್ ಅವರ ಗಿಟಾರಿಗೆ ಕಿವಿಗೊಡಿ. ಪದಗಳು ಕಿರುಚುವ ಕಡೆ ಆ ಗಿಟಾರು ಮನುಷ್ಯರ ಹಾಗೆ ಗದ್ಗದಿಸುತ್ತದೆ. 2015ರಲ್ಲಿ ಜೇಮ್ಸ್ ಗತ್ರಿ ಹೊಸದಾಗಿ ಮಿಕ್ಸ್ ಮಾಡಿದ ಆವೃತ್ತಿ ಸಿಕ್ಕಿದರೆ ಅದನ್ನೇ ಕೇಳಿ.

ಈಗ ಮತ್ತೆ ಮೊದಲ ಹಾಡಿಗೆ ಬರೋಣ. ನಾಯಿಯ ಬೊಗಳಿಕೆಯ ನಂತರ ಒಬ್ಬ ಮುದುಕ ಮಾತಾಡುತ್ತಾನೆ. ನಟನಲ್ಲ, ಆಲ್ಫ್ ರಾಝೆಲ್, ಮೊದಲ ಮಹಾಯುದ್ಧದಲ್ಲಿ ಕಾದಾಡಿದ ಬ್ರಿಟಿಷ್ ಸೈನಿಕ. ಬಿಬಿಸಿಯ ಸಾಕ್ಷ್ಯಚಿತ್ರವೊಂದರಿಂದ ತೆಗೆದುಕೊಂಡ ದನಿ. ತೀವ್ರವಾಗಿ ಗಾಯಗೊಂಡಿದ್ದ ಬಿಲ್ ಹಬರ್ಡ್ ಎಂಬ ಜೊತೆಗಾರನನ್ನು ಹೊತ್ತು ತರಲು ಹೋದದ್ದು, ನೋವು ತಾಳಲಾರದೆ ಅವನು ಕೆಳಗಿಳಿಸು ಎಂದು ಬೇಡಿಕೊಂಡದ್ದು, ಕೊನೆಗೆ ಅವನನ್ನು ಅಲ್ಲೇ ಬಿಟ್ಟು ಬಂದದ್ದು. ಇಷ್ಟನ್ನು ಆತ ಏರಿಳಿತವಿಲ್ಲದೆ, ನಿಧಾನವಾಗಿ ಹೇಳುತ್ತಾನೆ. ಇಡೀ ಆಲ್ಬಂನಲ್ಲಿ ಏನನ್ನೂ ಮಾರಲು ಬಾರದ ದನಿ ಇದೊಂದೇ. ಹೊಸಬರು ಇದನ್ನು ಮುನ್ನುಡಿಯೆಂದು ಹಾರಿಸಿಬಿಡುತ್ತಾರೆ, ಹಾಗೆ ಮಾಡಬೇಡಿ.

ಕೊನೆಯ ಹಾಡಿನಲ್ಲಿ ಮನುಷ್ಯಕುಲವೇ ಅಳಿದಿದೆ. ಬೇರೆ ಲೋಕದಿಂದ ಬಂದ ಸಂಶೋಧಕರು ಟಿವಿಯ ಸುತ್ತ ಬಿದ್ದ ನಮ್ಮ ಎಲುಬುಗಳನ್ನು ನೋಡುತ್ತಾರೆ. ಸಂಗೀತ ಕರಗುತ್ತಿದ್ದಂತೆ ಯಂತ್ರ ಆರಿಸಲು ಕೈ ಹೋಗುತ್ತದೆ. ತಡೆಯಿರಿ. ರಾಝೆಲ್ ಮತ್ತೆ ಬರುತ್ತಾನೆ. ಎಷ್ಟೋ ವರ್ಷಗಳ ಮೇಲೆ ಫ್ರಾನ್ಸಿನ ಆರಾಸ್‌ನಲ್ಲಿ, ಕಾಣೆಯಾದವರ ಸ್ಮಾರಕದ ಮೇಲೆ, ಬಿಲ್ ಹಬರ್ಡ್ ಎಂಬ ಹೆಸರು ಕೆತ್ತಿದ್ದು ಅವನ ಕಣ್ಣಿಗೆ ಬಿತ್ತಂತೆ. ಅದುವರೆಗೆ ದುಃಸ್ವಪ್ನವಾಗಿ ಕಾಡಿದವನು ಆ ಗಳಿಗೆಯಲ್ಲಿ ಮತ್ತೆ ಒಬ್ಬ ಮನುಷ್ಯನಾದ.