ನಾಲ್ಕುಚಕ್ರ ಚಾಲನೆಯ ಟ್ರಕ್ಕಿನ ಹಿಂಬದಿಯನ್ನು ಎತ್ತರಿಸುವುದು



ಭಾರ ಹೊತ್ತ ಸಣ್ಣ ಟ್ರಕ್ಕೊಂದು ಕೊರಕಲು ಹಾದಿಯಲ್ಲಿ ಸಾಗುವುದನ್ನು ನೀವೆಲ್ಲರೂ ನೋಡಿದ್ದೀರಿ. ಅದರ ಹಿಂಬದಿ ಕುಗ್ಗಿ ಮೂತಿ ಮೇಲೆದ್ದಿರುತ್ತದೆ. ದಿಣ್ಣೆ ಬಂದಾಗ ಹಿಂಭಾಗವು ನೆಲಕ್ಕೆ ತಾಗುತ್ತದೆ. ಇದನ್ನು ಕಂಡ ಒಡೆಯನು, ಹಿಂಬದಿಯನ್ನು ಎರಡಂಗುಲ ಎತ್ತರಿಸಿದರೆ ತೊಂದರೆ ತೀರಿತು ಎಂದೆಣಿಸುತ್ತಾನೆ. ಕೆಲಸವು ಮನೆಯಂಗಳದಲ್ಲಿಯೇ ಆಗುವಂಥದು. ಆದರೆ ಆ ಎರಡಂಗುಲವು ಏನೇನನ್ನು ಬದಲಿಸುತ್ತದೆಂಬುದನ್ನು ಅರಿಯದೆ ಕೈಹಾಕಿದರೆ ಪ್ರಾಣಕ್ಕೆ ಅಪಾಯ ಬಂದೀತು. ಆದುದರಿಂದ ಮೊದಲು ಶಾಸ್ತ್ರವನ್ನೂ ಬಳಿಕ ಕೆಲಸದ ಕ್ರಮವನ್ನೂ ತಿಳಿಯೋಣ.

ಹಿಂಬದಿಯ ರಚನೆ

2016ರಲ್ಲಿ ನಮ್ಮ ದೇಶದ ಮಾರುಕಟ್ಟೆಗೆ ಬಂದ ಇಸುಜು ವಿ-ಕ್ರಾಸ್, 2022ರಲ್ಲಿ ಬಂದ ಟೊಯೋಟಾ ಹೈಲಕ್ಸ್ ಮುಂತಾದ ನಾಲ್ಕುಚಕ್ರ ಚಾಲನೆಯ ಟ್ರಕ್ಕುಗಳಲ್ಲಿ ಹಿಂದಣ ಎರಡು ಚಕ್ರಗಳನ್ನು ಒಂದೇ ಗಟ್ಟಿ ಆಕ್ಸಲು ಜೋಡಿಸಿರುತ್ತದೆ. ಅದರ ಮೇಲೆ ಎರಡು ಕಡೆಗಳಲ್ಲಿಯೂ ಉಕ್ಕಿನ ಕಮಾನುಪಟ್ಟಿಗಳ ಕಟ್ಟು ಕುಳಿತಿರುತ್ತದೆ. ಕಟ್ಟಿನ ಮುಂದಣ ಕಣ್ಣು ಚಾಸಿಗೆ ನೇರವಾಗಿ ಸಿಕ್ಕಿರುತ್ತದೆ. ಹಿಂದಣ ಕಣ್ಣು 'ಶ್ಯಾಕಲ್' ಎಂಬ ತೂಗುಕೊಂಡಿಯ ಮೂಲಕ ನೇತಾಡುತ್ತದೆ. ಭಾರ ಬಿದ್ದಾಗ ಕಮಾನು ಚಪ್ಪಟೆಯಾಗಿ ಉದ್ದವಾಗುವುದರಿಂದ ಈ ಕೊಂಡಿಯು ಅವಶ್ಯ. ಕಟ್ಟಿನ ನಡುವಣ ಬೋಲ್ಟಿನ ತಲೆಯು ಆಕ್ಸಲಿನ ಪೀಠದ ರಂಧ್ರದಲ್ಲಿ ಕುಳಿತು ಆಕ್ಸಲು ಹಿಂದುಮುಂದಾಗದಂತೆ ತಡೆಯುತ್ತದೆ. 'ಯೂ' ಆಕಾರದ ಬೋಲ್ಟುಗಳು ಎರಡನ್ನೂ ಬಿಗಿದು ಹಿಡಿಯುತ್ತವೆ.

ಹುಕ್ ಎಂಬಾತನ ಎರಡು ಕೊಡುಗೆಗಳು

ಇಂಗ್ಲೆಂಡಿನ ವಿಜ್ಞಾನಿ ರಾಬರ್ಟ್ ಹುಕ್ (1635–1703) ಸ್ಪ್ರಿಂಗಿನ ನಿಯಮವೊಂದನ್ನು 1676ರಲ್ಲಿ ಅಕ್ಷರಗಳ ಒಗಟಾಗಿ ಅಚ್ಚುಹಾಕಿಸಿ, 1678ರಲ್ಲಿ ಬಿಡಿಸಿ ಹೇಳಿದನು. ಸ್ಪ್ರಿಂಗು ಎಷ್ಟು ಹಿಗ್ಗುವುದೋ ಅಥವಾ ಬಾಗುವುದೋ ಅದರ ಪ್ರತಿಬಲವೂ ಅಷ್ಟೇ ಪ್ರಮಾಣದಲ್ಲಿ ಬೆಳೆಯುತ್ತದೆ ಎಂಬುದೇ ಆ ನಿಯಮದ ಸಾರ. ಒಂದು ಟ್ರಕ್ಕಿನ ಹಿಂಬದಿಯು 300 ಕಿಲೋಗ್ರಾಂ ಭಾರಕ್ಕೆ 6 ಸೆಂಟಿಮೀಟರು ಕುಗ್ಗುತ್ತದೆಂದು ಇಟ್ಟುಕೊಳ್ಳಿ. ಆಕ್ಸಲಿಗೂ ಕಮಾನುಪಟ್ಟಿಗೂ ನಡುವೆ 5 ಸೆಂಟಿಮೀಟರಿನ ಉಕ್ಕಿನ ದಿಮ್ಮಿಯನ್ನು ಇಟ್ಟರೂ ಅದೇ ಭಾರಕ್ಕೆ ಅದು ಅದೇ 6 ಸೆಂಟಿಮೀಟರು ಕುಗ್ಗುತ್ತದೆ. ಟ್ರಕ್ಕು ಎತ್ತರವಾಯಿತೇ ಹೊರತು ಬಲಿಷ್ಠವಾಗಲಿಲ್ಲ. ಎತ್ತರಿಸಿದ ಬಂಡಿಗೆ ಹೆಚ್ಚು ಹೇರಬಹುದೆಂಬ ನಂಬಿಕೆ ತಪ್ಪು. ಎಷ್ಟೋ ಅನಾಹುತಗಳಿಗೆ ಇಂಥ ನಂಬಿಕೆಯೇ ಮೂಲ.

ಅದೇ ಹುಕ್ಕನ ಹೆಸರು ವಾಹನದ ಇನ್ನೊಂದು ಅಂಗಕ್ಕೂ ಇದೆ. ಗೇರುಪೆಟ್ಟಿಗೆಯ ಕಡೆಯಿಂದ ಹಿಂದಣ ಆಕ್ಸಲಿಗೆ ಶಕ್ತಿಯನ್ನು ಒಯ್ಯುವ ತಿರುಗುದಂಡದ ತುದಿಗಳಲ್ಲಿರುವ ಶಿಲುಬೆಯಾಕಾರದ ಕೀಲನ್ನು ಹುಕ್ಕನ ಕೀಲು ಎನ್ನುತ್ತಾರೆ. ಈ ಕೀಲು ಕೋನದಲ್ಲಿ ತಿರುಗುವಾಗ ಮುಂದಣ ದಂಡವು ಸಮವೇಗದಲ್ಲಿದ್ದರೂ ಹಿಂದಣದು ಪ್ರತಿ ಸುತ್ತಿನಲ್ಲಿ ಎರಡು ಬಾರಿ ವೇಗವಾಗಿ, ಎರಡು ಬಾರಿ ನಿಧಾನವಾಗಿ ತಿರುಗುತ್ತದೆ. ಕೋನವು 5 ಡಿಗ್ರಿಯಾದರೆ ಏರಿಳಿತವು ಶೇಕಡಾ 0.4ರಷ್ಟು, 10 ಡಿಗ್ರಿಯಾದರೆ ಶೇಕಡಾ 1.5ರಷ್ಟು. ಕೋನವು ಇಮ್ಮಡಿಯಾದರೆ ಏರಿಳಿತವು ನಾಲ್ಮಡಿಯಾಗುತ್ತದೆ. ದಂಡದ ಎರಡು ತುದಿಗಳ ಕೋನಗಳು ಸಮನಾಗಿದ್ದರೆ ಒಂದು ಕೀಲಿನ ಏರಿಳಿತವನ್ನು ಇನ್ನೊಂದು ಅಳಿಸಿಬಿಡುತ್ತದೆ. ಸಮನಾಗಿಲ್ಲದಿದ್ದರೆ ಬಂಡಿಯು ನಡುಗುತ್ತದೆ, ಕೀಲು ಬೇಗನೆ ಸವೆಯುತ್ತದೆ.

ಎತ್ತರಿಸುವ ಮೂರು ಬಗೆಗಳು

ಒಂದು, ದಿಮ್ಮಿಯನ್ನಿಡುವುದು. ದಿಮ್ಮಿಯ ದಪ್ಪವೆಷ್ಟೋ ಅಷ್ಟೇ ಎತ್ತರ ದೊರೆಯುತ್ತದೆ. ಆಕ್ಸಲಿನ ವಾಲು ಬದಲಾಗದ ಕಾರಣ ಕೀಲುಗಳ ಕೋನಗಳು ಹೆಚ್ಚಿದರೂ ಪರಸ್ಪರ ಸಮನಾಗಿಯೇ ಉಳಿಯುತ್ತವೆ. 130 ಸೆಂಟಿಮೀಟರು ಉದ್ದದ ದಂಡಕ್ಕೆ 5 ಸೆಂಟಿಮೀಟರು ಎತ್ತರಿಸಿದರೆ ಕೋನವು ಸುಮಾರು 2 ಡಿಗ್ರಿ ಹೆಚ್ಚುತ್ತದೆ. ದಂಡವು ಎರಡು ತುಂಡಿನದಾಗಿದ್ದರೆ ನಡುವಣ ಬೇರಿಂಗಿನ ಆಸರೆಯನ್ನೂ ಸರಿಹೊಂದಿಸಬೇಕಾದೀತು.

ಎರಡು, ಉದ್ದನೆಯ ತೂಗುಕೊಂಡಿ. ಆಕ್ಸಲು ಕಮಾನಿನ ನಡುವೆ ಇರುವುದರಿಂದ, ಸನ್ನೆಗೋಲಿನ ನ್ಯಾಯದಂತೆ, ಕೊಂಡಿಯ ಉದ್ದವನ್ನು 10 ಸೆಂಟಿಮೀಟರು ಹೆಚ್ಚಿಸಿದರೆ ಸುಮಾರು 5 ಸೆಂಟಿಮೀಟರು ಎತ್ತರ ಮಾತ್ರ ಸಿಗುತ್ತದೆ. ಮೇಲಾಗಿ ಆಕ್ಸಲು ತುಸು ತಿರುಗಿ ಅದರ ಮೂತಿ ಮೇಲಕ್ಕೇರುತ್ತದೆ. ಎರಡು ಕೀಲುಗಳ ಸಮತೆ ಕೆಡುತ್ತದೆ.

ಮೂರು, ಪಟ್ಟಿಯೊಂದನ್ನು ಸೇರಿಸುವುದು. ಇದರಿಂದ ಎತ್ತರದೊಡನೆ ಬಿಗುವೂ ಹೆಚ್ಚುತ್ತದೆ. ಖಾಲಿ ಬಂಡಿಯಲ್ಲಿ ಕುಲುಕಾಟವೂ ಹೆಚ್ಚುತ್ತದೆ.

ಕೆಲಸಕ್ಕೆ ಮೊದಲು

ಮೊಟ್ಟಮೊದಲು ಅಳತೆ. ಖಾಲಿ ಬಂಡಿಯನ್ನು ಸಮನೆಲದಲ್ಲಿ ನಿಲ್ಲಿಸಿ, ಚಕ್ರದ ನಡುವಿನಿಂದ ಮಡ್ಗಾರ್ಡಿನ ಅಂಚಿನವರೆಗೆ ಎಡಬಲಗಳೆರಡನ್ನೂ ಅಳೆಯಿರಿ. ಒಂದು ಬದಿ ತಗ್ಗಾಗಿದ್ದರೆ ಅಥವಾ ಕಮಾನು ಮೊದಲಿಗಿಂತ ಚಪ್ಪಟೆಯಾಗಿದ್ದರೆ ಪಟ್ಟಿಯು ದಣಿದಿದೆ ಎಂದರ್ಥ. ದಣಿದ ಪಟ್ಟಿಯ ಕೆಳಗೆ ದಿಮ್ಮಿಯಿಡುವುದು ರೋಗವನ್ನು ಮುಚ್ಚಿ ಅಂಗಿ ತೊಡಿಸಿದಂತೆ. ತಯಾರಕರ ಅಳತೆಯದೇ ಹೊಸ ಪಟ್ಟಿಯನ್ನು ಹಾಕಿದರೆ ಕಳೆದುಹೋದ ಎತ್ತರವೂ ಬಲವೂ ಮರಳಿ ಬರುತ್ತವೆ. ಅನೇಕರಿಗೆ ಇಷ್ಟೇ ಸಾಕು.

ಎರಡನೆಯದು ಕಾನೂನು. 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಪ್ರಕರಣದಂತೆ, ನೋಂದಣಿಪತ್ರದ ವಿವರಗಳು ತಯಾರಕರು ಮೂಲತಃ ಸೂಚಿಸಿದ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸಕೂಡದು. ಸರ್ವೋಚ್ಚ ನ್ಯಾಯಾಲಯವು 2019ರಲ್ಲಿ ಇದನ್ನು ಎತ್ತಿಹಿಡಿಯಿತು. ಆದುದರಿಂದ ಸಾರಿಗೆ ಕಛೇರಿಯಲ್ಲಿಯೂ ವಿಮೆಯವರಲ್ಲಿಯೂ ವಿಚಾರಿಸದೆ ಕೆಲಸಕ್ಕೆ ತೊಡಗಬಾರದು. ಅನುಮತಿ ಇಲ್ಲವೆಂದರೆ ಅಲ್ಲಿಗೆ ಬಿಡುವುದೇ ವಿವೇಕ.

ಕೆಲಸದ ಕ್ರಮ

1. ಗಟ್ಟಿಯಾದ ಸಮನೆಲದಲ್ಲಿ ಬಂಡಿಯನ್ನು ನಿಲ್ಲಿಸಿ, ಮುಂದಣ ಚಕ್ರಗಳಿಗೆ ಹಿಂದೆಯೂ ಮುಂದೆಯೂ ತಡೆಗಟ್ಟೆ ಕೊಡಬೇಕು. ಹಿಂದಣ ಚಕ್ರದ ನಟ್ಟುಗಳನ್ನು ನೆಲದ ಮೇಲಿರುವಾಗಲೇ ತುಸು ಸಡಿಲಿಸಬೇಕು.

2. ಜಾಕಿಯಿಂದ ಎತ್ತಿ, ಚಾಸಿಯ ಕೆಳಗೆ ಎರಡು ಕಡೆಯೂ ಉಕ್ಕಿನ ಸ್ಟ್ಯಾಂಡುಗಳನ್ನು ನಿಲ್ಲಿಸಬೇಕು. ಜಾಕಿಯು ಎತ್ತುವುದಕ್ಕೆ ಮಾತ್ರ, ಹೊರುವುದಕ್ಕಲ್ಲ. ಬರಿಯ ಜಾಕಿಯ ಮೇಲಿರುವ ಬಂಡಿಯ ಕೆಳಗೆ ಯಾರೂ ತಲೆಹಾಕಬಾರದು. ಇಟ್ಟಿಗೆ, ಕಲ್ಲುಗಳು ಸ್ಟ್ಯಾಂಡಾಗಲಾರವು.

3. ಚಕ್ರಗಳನ್ನು ತೆಗೆದು ಜಾಕಿಯನ್ನು ಆಕ್ಸಲಿನ ಕೆಳಗೆ ಇಟ್ಟು ಅದನ್ನು ತಾಳಬೇಕು. ಶಾಕ್ ಅಬ್ಸಾರ್ಬರಿನ ಕೆಳತುದಿಯನ್ನು ಕಳಚಬೇಕು. ಬ್ರೇಕಿನ ರಬ್ಬರು ಕೊಳವೆ, ಕೈಬ್ರೇಕಿನ ತಂತಿ, ಚಕ್ರದ ಬಳಿಯ ವಿದ್ಯುತ್ ತಂತಿ ಇವು ಎಳೆದಂತಾಗದೆ ಇವೆಯೇ ಎಂದು ಕಣ್ಣಿಟ್ಟಿರಬೇಕು.

4. ಯೂ-ಬೋಲ್ಟುಗಳ ನಟ್ಟನ್ನು ಬಿಚ್ಚಿ, ಆಕ್ಸಲನ್ನು ಮೆಲ್ಲನೆ ಇಳಿಸಿ ದಿಮ್ಮಿಯನ್ನು ಸೇರಿಸಬೇಕು. ದಿಮ್ಮಿಯ ಗೂಟವು ಆಕ್ಸಲಿನ ರಂಧ್ರದಲ್ಲಿಯೂ, ಕಮಾನಿನ ನಡುಬೋಲ್ಟಿನ ತಲೆಯು ದಿಮ್ಮಿಯ ರಂಧ್ರದಲ್ಲಿಯೂ ಸರಿಯಾಗಿ ಕೂರಬೇಕು.

5. ಹಳೆಯ ಯೂ-ಬೋಲ್ಟುಗಳು ಒಮ್ಮೆ ಹಿಗ್ಗಿದವು. ಅವನ್ನು ಮತ್ತೆ ಬಳಸದೆ ತಕ್ಕ ಉದ್ದದ ಹೊಸವನ್ನೇ ಹಾಕಬೇಕು. ನಾಲ್ಕು ನಟ್ಟುಗಳನ್ನು ಕರ್ಣಾಕಾರವಾಗಿ ಸ್ವಲ್ಪಸ್ವಲ್ಪವೇ ಬಿಗಿದು, ತಯಾರಕರು ಹೇಳಿದಷ್ಟು ಬಲಕ್ಕೆ ಮುಟ್ಟಿಸಬೇಕು.

6. ಎಲ್ಲವನ್ನೂ ಜೋಡಿಸಿ ಬಂಡಿಯನ್ನು ಇಳಿಸಿದ ಮೇಲೆ ಮತ್ತೊಮ್ಮೆ ಬಿಗಿ ನೋಡಬೇಕು. ಸುಮಾರು 100 ಕಿಲೋಮೀಟರು ಓಡಿದ ಬಳಿಕ ಇನ್ನೊಮ್ಮೆ ನೋಡಬೇಕು.

ದಿಮ್ಮಿಯ ಮೇಲೆ ದಿಮ್ಮಿಯನ್ನು ಎಂದೂ ಪೇರಿಸಬಾರದು. ಮರದ ತುಂಡನ್ನಂತೂ ಇಡಲೇಬಾರದು. ತಿರುವಿಗೆ ಒಳಗಾಗುವ ಮುಂದಣ ಆಕ್ಸಲಿಗೆ ದಿಮ್ಮಿಯು ನಿಷಿದ್ಧ.

ಮರೆಯಬಾರದ ಮೂರು ಮಾತುಗಳು

ಕೆಲವು ಟ್ರಕ್ಕುಗಳಲ್ಲಿ ಹಿಂಬದಿಯ ಭಾರವನ್ನು ತಿಳಿದು ಬ್ರೇಕಿನ ಒತ್ತಡವನ್ನು ಹೊಂದಿಸುವ ಕವಾಟವಿರುತ್ತದೆ. ಅದು ಚಾಸಿಗೂ ಆಕ್ಸಲಿಗೂ ಇರುವ ಅಂತರವನ್ನೇ ಭಾರದ ಗುರುತೆಂದು ತಿಳಿಯುತ್ತದೆ. ಎತ್ತರಿಸಿದ ಬಂಡಿಯನ್ನು ಅದು ಖಾಲಿಯೆಂದು ಬಗೆದು, ಭಾರವಿದ್ದಾಗಲೂ ಹಿಂದಣ ಬ್ರೇಕಿಗೆ ಕಡಮೆ ಒತ್ತಡ ಕೊಡುತ್ತದೆ. ಅದರ ಕಡ್ಡಿಯನ್ನು ಅಷ್ಟೇ ಪ್ರಮಾಣದಲ್ಲಿ ಹೊಂದಿಸಲೇಬೇಕು.

ಹಿಂಬದಿ ಏರಿದಾಗ ಮುಂದೀಪದ ಬೆಳಕು ತಗ್ಗುತ್ತದೆ. ರಾತ್ರಿ ದೂರ ಕಾಣದು. ಅದನ್ನೂ ಸರಿಪಡಿಸಬೇಕು.

ಕೊನೆಯದು ಗುರುತ್ವಕೇಂದ್ರ. ಎಡಬಲ ಚಕ್ರಗಳ ಅಂತರ 150 ಸೆಂಟಿಮೀಟರು, ಗುರುತ್ವಕೇಂದ್ರದ ಎತ್ತರ 75 ಸೆಂಟಿಮೀಟರು ಎನ್ನೋಣ. ಅಂತರದ ಅರ್ಧವನ್ನು ಎತ್ತರದಿಂದ ಭಾಗಿಸಿದರೆ 1 ಬರುತ್ತದೆ. ಹಿಂಬದಿ 5 ಸೆಂಟಿಮೀಟರು ಏರಿದಾಗ ಕೇಂದ್ರವು ಸುಮಾರು 2.5 ಸೆಂಟಿಮೀಟರು ಏರಿ, ಭಾಗಲಬ್ಧವು 0.97ಕ್ಕೆ ಇಳಿಯುತ್ತದೆ. ಈ ಸಂಖ್ಯೆ ಇಳಿದಷ್ಟೂ ಬಂಡಿ ಉರುಳುವುದು ಸುಲಭ. ಎರಡಂಗುಲಕ್ಕೆ ನಷ್ಟ ಅಲ್ಪ. ಆದರೆ ಆಸೆ ಎರಡಂಗುಲಕ್ಕೆ ನಿಲ್ಲುವುದಿಲ್ಲವೆಂಬುದೇ ಚಿಂತೆ.

ತಾಯ್ತಂದೆಗಳಲ್ಲಿ ಒಂದು ವಿನಂತಿ: ಮಕ್ಕಳು ಈ ಕೆಲಸವನ್ನು ದೂರ ನಿಂತು ನೋಡಲಿ, ಅಳೆಯಲಿ, ಲೆಕ್ಕ ಮಾಡಲಿ, ಬಂಡಿಯ ಕೆಳಗೆ ಮಾತ್ರ ಹೋಗದಿರಲಿ. ನುರಿತ ಮೇಸ್ತ್ರಿಯೊಬ್ಬನು ಜೊತೆಯಲ್ಲಿರುವುದು ಲೇಸು. ಪುಸ್ತಕದ ಹುಕ್ ನಿಯಮವು ಅಂಗಳದ ಉಕ್ಕಿನ ಪಟ್ಟಿಯಲ್ಲಿ ಕಂಡರೆ ಕಲಿತದ್ದು ನಿಲ್ಲುತ್ತದೆ.

ಅಭ್ಯಾಸ

1. ದಿಮ್ಮಿಯನ್ನಿಟ್ಟ ಟ್ರಕ್ಕಿಗೆ ಹೆಚ್ಚು ಭಾರ ಹೇರಬಹುದೇ? ಕಾರಣವೇನು?
2. 3 ಸೆಂಟಿಮೀಟರು ಎತ್ತರ ಬೇಕಾದರೆ ತೂಗುಕೊಂಡಿಯನ್ನು ಎಷ್ಟು ಉದ್ದ ಮಾಡಬೇಕು?
3. ತಿರುಗುದಂಡದ ಎರಡು ತುದಿಗಳ ಕೋನಗಳು ಸಮನಾಗಿರಬೇಕು, ಏಕೆ?
4. ಮೇಲಿನ ಲೆಕ್ಕದಲ್ಲಿ ಹಿಂಬದಿ 10 ಸೆಂಟಿಮೀಟರು ಏರಿದರೆ ಭಾಗಲಬ್ಧವೆಷ್ಟು?