ಕವಿಮನೆ



ರಾಮನಗರದ ಹತ್ತಿರ ಜಾನಪದ ಲೋಕ ಇದೆ. ನಮ್ಮ ಹಿರಿಯರು ಬಳಸಿದ ಸಾಮಾನುಗಳನ್ನು ಅಲ್ಲಿ ಜೋಪಾನವಾಗಿ ಇಟ್ಟಿದ್ದಾರೆ. ಮಲೆನಾಡಿನಲ್ಲಿ ಒಂದು ಇಡೀ ಮನೆಯನ್ನೇ ಹೀಗೆ ಜೋಪಾನ ಮಾಡಿದ್ದಾರೆ. ಅದರ ಹೆಸರು ಕವಿಮನೆ. ಊರು ಕುಪ್ಪಳಿ. ಶಿವಮೊಗ್ಗ ಜಿಲ್ಲೆ, ತೀರ್ಥಹಳ್ಳಿ ತಾಲ್ಲೂಕು.

ಯಾರ ಮನೆ?

ಕುವೆಂಪು ಅವರ ಮನೆ. ಕುವೆಂಪು ಅಂದರೆ ಏನು? ಬಿಡಿಸಿ ಓದೋಣ.

ಕು – ಕುಪ್ಪಳಿ. ಊರಿನ ಹೆಸರು.
ವೆಂ – ವೆಂಕಟಪ್ಪ. ತಂದೆಯ ಹೆಸರು.
ಪು – ಪುಟ್ಟಪ್ಪ. ಅವರದೇ ಹೆಸರು.

ತಾಯಿಯ ಹೆಸರು ಸೀತಮ್ಮ. 1904ರ ಡಿಸೆಂಬರ್ 29ರಂದು ತಾಯಿಯ ತವರಿನಲ್ಲಿ ಪುಟ್ಟಪ್ಪ ಹುಟ್ಟಿದರು. ಬೆಳೆದದ್ದು ಕುಪ್ಪಳಿಯ ಮನೆಯಲ್ಲಿ. ಮುಂದೆ ಮೈಸೂರಿನಲ್ಲಿ ಓದಿದರು, ಕನ್ನಡ ಮೇಷ್ಟ್ರಾದರು. ನಾವು ಹಾಡುವ ನಾಡಗೀತೆ ಅವರು ಬರೆದದ್ದು. ಕನ್ನಡಕ್ಕೆ ಮೊದಲ ಜ್ಞಾನಪೀಠ ಪ್ರಶಸ್ತಿ ತಂದವರೂ ಅವರೇ.

ಒಳಗೆ ಏನಿದೆ?

ಹೆಂಚಿನ ಮನೆ. ಮರದ ದಪ್ಪ ಕಂಬಗಳು. ನಡುವೆ ಅಂಗಳ, ತುಳಸಿಕಟ್ಟೆ. ನಮ್ಮ ಕಡೆಯ ತೊಟ್ಟಿಮನೆಯ ಹಾಗೆ. ಮನೆ ಹಳೆಯದಾಗಿ ಹಾಳಾಗಿತ್ತು. ರಾಷ್ಟ್ರಕವಿ ಕುವೆಂಪು ಪ್ರತಿಷ್ಠಾನದವರು ಅದನ್ನು ಸರಿ ಮಾಡಿಸಿದರು. ಈಗ ಯಾರು ಬೇಕಾದರೂ ಹೋಗಿ ನೋಡಬಹುದು.

ಕವಿಯ ಪುಸ್ತಕ, ಬಟ್ಟೆ, ಫೋಟೋಗಳು ಅಲ್ಲಿವೆ. ಅಡುಗೆಯ ಪಾತ್ರೆ, ಮೊಸರು ಕಡೆಯುವ ಕಡೆಗೋಲು ಕೂಡ ಇವೆ. ಕವಿಯ ಮನೆಯಲ್ಲಿ ಕಡೆಗೋಲು ಯಾಕೆ ಅಂತೀರಾ? ಆ ಮನೆಯ ಹೆಂಗಸರು ಬೆಳಗಿನಿಂದ ರಾತ್ರಿವರೆಗೆ ದುಡಿದರು. ಅವರು ಬಡಿಸಿದ್ದು ಉಂಡು ಪುಟ್ಟಪ್ಪ ಬೆಳೆದರು. ಅವರಲ್ಲಿ ಎಷ್ಟೋ ಜನರ ಹೆಸರು ನಮಗೆ ಗೊತ್ತಿಲ್ಲ. ಅವರು ಹಿಡಿದ ಸಾಮಾನು ಮಾತ್ರ ಉಳಿದಿದೆ.

2015ರ ನವೆಂಬರಿನಲ್ಲಿ ಈ ಮನೆಗೆ ಕಳ್ಳರು ನುಗ್ಗಿದರು. ಕವಿಗೆ ಸರ್ಕಾರ ಕೊಟ್ಟಿದ್ದ ಪದ್ಮ ಪ್ರಶಸ್ತಿಯ ಪದಕಗಳನ್ನು ಕದ್ದರು. ಪದಕವನ್ನು ಕದಿಯಬಹುದು. ಕಲಿತ ಅಕ್ಷರವನ್ನು ಯಾರಿಂದಲೂ ಕದಿಯೋಕೆ ಆಗಲ್ಲ.

ಕಲ್ಲಿನ ಮೇಲೆ ರುಜು

ಮನೆಯ ಹತ್ತಿರ ಒಂದು ಗುಡ್ಡ. ಮೇಲೆ ದೊಡ್ಡ ಬಂಡೆ. ಹೆಸರು ಕವಿಶೈಲ. ಕುವೆಂಪು ಅಲ್ಲಿ ಕೂತು ಸೂರ್ಯ ಮುಳುಗುವುದನ್ನು ನೋಡುತ್ತಿದ್ದರು. 1936ರಲ್ಲಿ ಅವರ ಗುರುಗಳಾದ ಬಿ.ಎಂ. ಶ್ರೀಕಂಠಯ್ಯ, ಟಿ.ಎಸ್. ವೆಂಕಣ್ಣಯ್ಯ ಅಲ್ಲಿಗೆ ಬಂದಿದ್ದರು. ಮೂವರ ರುಜುವೂ ಆ ಕಲ್ಲಿನ ಮೇಲಿದೆ. ಇವತ್ತಿಗೂ ಓದಬಹುದು. ಕುವೆಂಪು 1994ರ ನವೆಂಬರ್ 11ರಂದು ತೀರಿಕೊಂಡರು. ಅವರ ಸಮಾಧಿಯೂ ಕವಿಶೈಲದಲ್ಲೇ ಇದೆ.

ನೋಡಲು ಹೋದವರು ಕಲ್ಲಿನ ಮೇಲೆ, ಗೋಡೆಯ ಮೇಲೆ ಹೆಸರು ಕೆತ್ತಬಾರದು. ನಮ್ಮ ರುಜುವಿಗೆ ಬೇರೆ ಜಾಗ ಇದೆ. ಬ್ಯಾಂಕಿನ ಚೀಟಿ, ಸಂಘದ ಪುಸ್ತಕ, ಪಂಚಾಯ್ತಿಗೆ ಕೊಡುವ ಅರ್ಜಿ. ಅಲ್ಲೆಲ್ಲ ಹೆಬ್ಬೆಟ್ಟು ಬೇಡ. ಓದಿ ನೋಡಿ, ಆಮೇಲೆ ರುಜು ಹಾಕಿ.

ಹೊಸ ಪದಗಳು

ಜೋಪಾನ – ಹಾಳಾಗದಂತೆ ಕಾಪಾಡುವುದು
ಶೈಲ – ಬೆಟ್ಟ
ರುಜು – ಸಹಿ

ಉತ್ತರ ಹೇಳಿ

1. ಕುವೆಂಪು ಅವರ ತಾಯಿಯ ಹೆಸರೇನು?
2. ಕವಿಮನೆಯಲ್ಲಿ ಕಡೆಗೋಲನ್ನು ಯಾಕೆ ಇಟ್ಟಿದ್ದಾರೆ?

ಬರೆಯಿರಿ

1. ನಿಮ್ಮ ಊರು, ನಿಮ್ಮ ತಾಯಿ, ನೀವು. ಮೂರೂ ಹೆಸರಿನ ಮೊದಲ ಅಕ್ಷರ ಸೇರಿಸಿ ಬರೆಯಿರಿ.
2. ನಿಮ್ಮ ಅಜ್ಜಿಯ ಹೆಸರು ಬರೆಯಿರಿ. ಅವರು ಬಳಸುತ್ತಿದ್ದ ಒಂದು ಸಾಮಾನಿನ ಹೆಸರನ್ನೂ ಬರೆಯಿರಿ. ಮನೆಯ ಮಕ್ಕಳಿಗೆ ಓದಿ ಹೇಳಿ.